ಕೆಗ್‌ನಲ್ಲೇ ಬಿಯರ್ ಹುದುಗಿಸಿ ಒತ್ತಡದಲ್ಲೇ ಇನ್ನೊಂದು ಕೆಗ್‌ಗೆ ಸಾಗಿಸುವುದು: ಕೊಡಗಿನಲ್ಲಿ ಯಾರಾದರೂ ಮಾಡುತ್ತಿದ್ದೀರಾ?

ತೋಟದಮನೆ ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲಿ ಪೇಲ್ ಏಲ್, ಅಂದರೆ ಹಾಪ್ಸ್ ಹೂವಿನ ಪರಿಮಳ ಇರುವ ಹೊಂಬಣ್ಣದ ಬಿಯರ್ ಮಾಡುತ್ತೇನೆ. ಪ್ಲಾಸ್ಟಿಕ್ ಬಕೆಟ್‌ಗೆ ಏರ್‌ಲಾಕ್ (ಗ್ಯಾಸ್ ಹೊರಗೆ ಬಿಡುವ ನೀರಿನ ತಡೆ) ಹಾಕಿ ಹುದುಗಿಸಿ, ಮುಗಿದ ಮೇಲೆ ಪೈಪಿನಲ್ಲಿ ಎಳೆದು 19 ಲೀಟರಿನ ಕಾರ್ನಿ ಕೆಗ್‌ಗೆ (ಒತ್ತಡ ತಡೆಯುವ ಸ್ಟೀಲ್ ಪಾತ್ರೆ) ಇಳಿಸುವುದು ಈಗಿನ ಕ್ರಮ. ಇಳಿಸುವ ದಿನ ಹಾಪ್ಸ್ ಪರಿಮಳ ತುಂಬಾ ಚೆನ್ನಾಗಿರುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಅದು ಹೋಗಿರುತ್ತದೆ. ಬಣ್ಣ ಕಂದಾಗುತ್ತದೆ, ಬಾಯಲ್ಲಿ ಒದ್ದೆ ರಟ್ಟಿನ ರುಚಿ ಉಳಿಯುತ್ತದೆ. ಸ್ವಚ್ಛತೆಯಲ್ಲಿ ಕೊರತೆ ಇಲ್ಲ, ಹುಳಿ ಕೂಡ ಆಗಿಲ್ಲ.

ಗಾಳಿ ಸೇರಿಕೊಳ್ಳುತ್ತಿದೆ ಅಂತ ನನ್ನ ಊಹೆ. ಹಾಗಾಗಿ ಬಕೆಟ್ ಬಿಟ್ಟು ಒಂದು ಕೆಗ್‌ನಲ್ಲೇ ಹುದುಗಿಸಿ, ಅಲ್ಲಿಂದ ಇನ್ನೊಂದಕ್ಕೆ ಮುಚ್ಚಳ ತೆಗೆಯದೆ ಗ್ಯಾಸ್ ಒತ್ತಡದಲ್ಲಿ ಸಾಗಿಸಬೇಕು ಅಂತಿದ್ದೇನೆ. ಆದರೆ ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಆಗಾಗ ಹೋಗುತ್ತದೆ. ಫ್ರಿಜ್ ನಂಬಿಕೊಂಡು ಕೂರುವ ಹಾಗಿಲ್ಲ. ಸಿಓ2 ಸಿಲಿಂಡರ್ ತುಂಬಿಸಲು ಮೈಸೂರಿಗೇ ಹೋಗಬೇಕು, ಗ್ಯಾಸ್ ಸುಮ್ನೆ ಖರ್ಚು ಮಾಡಲು ಮನಸ್ಸಿಲ್ಲ. ಇಷ್ಟೆಲ್ಲ ಸಲಕರಣೆ ಹಾಕುವಷ್ಟು ಫಲ ಇದೆಯಾ? ಮಾಡಿದವರು ಹೇಳಿ.

ನಾಪೋಕ್ಲು ಮಳೆ

ಇದೆ. ಕಣ್ಣು ಮುಚ್ಚಿಕೊಂಡು ಮಾಡಿ.

ಭರಣಿ ವೈನ್

ನನಗೆ ಇದೆಲ್ಲ ಅತಿ ಅನಿಸುತ್ತದೆ. ನಮ್ಮ ಅಜ್ಜಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ನೆಲ್ಲಿಕಾಯಿ ವೈನ್, ದ್ರಾಕ್ಷಿ ವೈನ್ ಮಾಡುತ್ತಿದ್ದರು. ವರ್ಷ ಕಳೆದರೂ ಕೆಡುತ್ತಿರಲಿಲ್ಲ, ಇನ್ನೂ ರುಚಿಯಾಗುತ್ತಿತ್ತು. ಕೊಡಗಿನ ಅರ್ಧ ಮನೆಗಳಲ್ಲಿ ಇದೇ ಕ್ರಮ. ಒತ್ತಡ, ವಾಲ್ವ್, ಗೇಜ್ ಅಂತ ಹೊರಟರೆ ದುಡ್ಡಿಗೆ ಲೆಕ್ಕವೇ ಇಲ್ಲ.

ಮಡಿಕೇರಿ ಮಾಲ್ಟ್

@ಭರಣಿ ವೈನ್, ಅಜ್ಜಿಯ ವೈನ್ ಬಗ್ಗೆ ಎರಡು ಮಾತಿಲ್ಲ. ಆದರೆ ವೈನ್‌ಗೂ ಹಾಪ್ಸ್ ಜಾಸ್ತಿ ಹಾಕಿದ ಬಿಯರ್‌ಗೂ ಹೋಲಿಕೆ ಸರಿಯಾಗುವುದಿಲ್ಲ. ವೈನ್‌ನಲ್ಲಿ ಆಲ್ಕೋಹಾಲ್ ಜಾಸ್ತಿ, ಹುಳಿಯೂ ಜಾಸ್ತಿ. ನೆಲ್ಲಿಕಾಯಿಯ ಒಗರು ಬೇರೆ ಕಾಯುತ್ತದೆ. ಸ್ವಲ್ಪ ಗಾಳಿ ತಾಗಿದರೆ ಒಣಹಣ್ಣಿನ, ಬಾದಾಮಿಯ ರುಚಿ ಬರುತ್ತದೆ, ಅದು ಕೆಲವರಿಗೆ ಇಷ್ಟವೂ ಹೌದು. ಪೇಲ್ ಏಲ್‌ನಲ್ಲಿ ನಮಗೆ ಬೇಕಾದದ್ದೇ ಹಾಪ್ಸ್ ಎಣ್ಣೆಯ ಪರಿಮಳ. ಆಮ್ಲಜನಕ ಮೊದಲು ತಿನ್ನುವುದು ಅದನ್ನೇ.

ತೋಟದಮನೆಯವರೇ, ನಿಮ್ಮ ಊಹೆ ಸರಿ. ನೀವು ಹೇಳಿದ ಮೂರೂ ಲಕ್ಷಣ, ಅಂದರೆ ಪರಿಮಳ ಹೋಗುವುದು, ಕಂದು ಬಣ್ಣ, ರಟ್ಟಿನ ರುಚಿ, ಆಮ್ಲಜನಕದ್ದೇ. ಒಂದು ಪ್ರಶ್ನೆ: ಇಳಿಸುವ ಮೊದಲು ಬಕೆಟ್ಟನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡುತ್ತೀರಾ?

ತೋಟದಮನೆ ಸುಂಟಿಕೊಪ್ಪ

ಹೌದು, ಗಸಿ ಕೆಳಗೆ ಕೂರಲಿ ಅಂತ ಎರಡು ದಿನ ಇಡುತ್ತೇನೆ.

ಮಡಿಕೇರಿ ಮಾಲ್ಟ್

ಹಾಗಾದರೆ ಗಾಳಿ ಎರಡು ಕಡೆಯಿಂದ ಬರುತ್ತಿದೆ. ಬಕೆಟ್ ತಣ್ಣಗಾದಾಗ ಒಳಗಿನ ಗ್ಯಾಸ್ ಕುಗ್ಗುತ್ತದೆ, ಬಿಯರ್ ಕೂಡ ಸ್ವಲ್ಪ ಗ್ಯಾಸ್ ಎಳೆದುಕೊಳ್ಳುತ್ತದೆ. ಆ ಜಾಗ ತುಂಬಲು ಏರ್‌ಲಾಕ್ ಮೂಲಕ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಇಳಿಸುವಾಗ, ಖಾಲಿ ಕೆಗ್‌ನಲ್ಲಿ ಇರುವುದು ಪೂರ್ತಿ ಗಾಳಿಯೇ ಅಲ್ವಾ? ತುಂಬಿದ ಮೇಲೆ ನಾಲ್ಕು ಸಲ ರಿಲೀಫ್ ವಾಲ್ವ್ ಎಳೆದು ಗ್ಯಾಸ್ ಬಿಟ್ಟರೂ, ಇಳಿಯುವಾಗ ಬಿಯರ್‌ನಲ್ಲಿ ಕರಗಿದ ಆಮ್ಲಜನಕ ಹೊರಗೆ ಬರುವುದಿಲ್ಲ.

ಕೆಗ್‌ನಲ್ಲಿ ಹುದುಗಿಸಿದರೆ ಎರಡೂ ತೊಂದರೆ ಒಟ್ಟಿಗೆ ಹೋಗುತ್ತವೆ. ಒಳಗೆ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಇದ್ದರೆ, ತಣ್ಣಗಾದಾಗ ಅದು ಕಡಿಮೆ ಆಗಬಹುದು ಅಷ್ಟೇ. ಹೊರಗಿನ ಗಾಳಿ ನುಗ್ಗುವುದಿಲ್ಲ.

ಅಬಕಾರಿ ನೆನಪಿರಲಿ

ಮಾತು ಮುಂದೆ ಹೋಗುವ ಮೊದಲು ಒಂದು ವಿಷಯ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. "ಮಾರುವುದಕ್ಕಲ್ಲ, ಮನೆಗೆ ಮಾತ್ರ" ಅಂದರೆ ತಪ್ಪಿಸಿಕೊಳ್ಳಬಹುದು ಅಂತ ಯಾರೂ ತಿಳಿಯಬೇಡಿ. ಹೊಸಬರು ಇದನ್ನು ಓದಿ ಸಲಕರಣೆ ಕೊಂಡುಬಿಡುತ್ತಾರೆ, ಅದಕ್ಕೇ ಹೇಳಿದೆ.

ಏಲಕ್ಕಿ ಮಲೆ

ರಸ್ತೆ ಬದಿಯಲ್ಲಿ "ಹೋಂ ಮೇಡ್ ವೈನ್" ಅಂತ ಬೋರ್ಡ್ ಹಾಕಿ ಮಾರುತ್ತಾರೆ, ಅದಕ್ಕೇನೂ ಇಲ್ಲ. ಹತ್ತು ಲೀಟರ್ ಬಿಯರ್ ಮಾಡಿದರೆ ಅಪರಾಧವಾ?

ಅಬಕಾರಿ ನೆನಪಿರಲಿ

ಬೋರ್ಡ್ ಇದೆ ಅಂದ ಮಾತ್ರಕ್ಕೆ ಲೈಸೆನ್ಸ್ ಇದೆ ಅಂತ ಅರ್ಥ ಅಲ್ಲ ಅಣ್ಣ. ಕಾನೂನು ಬದಲಾಗಬೇಕು ಅಂತ ನನಗೂ ಅನಿಸುತ್ತದೆ. ಅಮೆರಿಕದಲ್ಲೂ ಮನೆ ಬಿಯರ್‌ಗೆ ಕೇಂದ್ರದ ಕಾನೂನು ದಾರಿ ಬಿಟ್ಟದ್ದು 1978ರಲ್ಲಿ. ಆದರೆ ಬದಲಾಗುವ ತನಕ ಇರುವುದು ಇರುವ ಕಾನೂನೇ.

ಮೆಲ್ಬರ್ನ್ ಕೊಡವತಿ

ನಾನು ವಿರಾಜಪೇಟೆಯವಳು, ಈಗ ಇರುವುದು ಮೆಲ್ಬರ್ನ್‌ನಲ್ಲಿ. ಇಲ್ಲಿ ಮನೆಯಲ್ಲಿ ಬಿಯರ್ ಮಾಡಲು ಅಡ್ಡಿ ಇಲ್ಲ, ನಾನು ಕೆಗ್‌ನಲ್ಲೇ ಹುದುಗಿಸುತ್ತೇನೆ. ಗ್ಯಾಸ್ ಉಳಿತಾಯದ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ನನಗೆ ಈ ಕ್ರಮದಲ್ಲಿ ತುಂಬಾ ಇಷ್ಟವಾದ ಭಾಗ ಅದೇ.

ಹುದುಗುವಾಗ ಯೀಸ್ಟ್ ಕೊಡುವ ಗ್ಯಾಸ್ ಎಷ್ಟು ಗೊತ್ತಾ? 17 ಲೀಟರ್ ವರ್ಟ್‌ನ (ಹುದುಗುವ ಮೊದಲಿನ ಮಾಲ್ಟ್ ರಸ) ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1.050ರಿಂದ 1.010ಕ್ಕೆ ಇಳಿದರೆ 300 ಲೀಟರಿಗೂ ಜಾಸ್ತಿ ಸಿಓ2 ಬರುತ್ತದೆ. ಅದನ್ನು ಸುಮ್ನೆ ಗಾಳಿಗೆ ಬಿಡುವುದು ಯಾಕೆ? ಎರಡನೇ ಕೆಗ್ ತೊಳೆದು, ಸ್ಯಾನಿಟೈಸರ್ ಹಾಕಿ ಕುಲುಕಿ, ಅದನ್ನು ಚೆಲ್ಲಿ ಮುಚ್ಚಳ ಹಾಕಿ. ಹುದುಗುವ ಕೆಗ್‌ನ ಗ್ಯಾಸ್ ಪೋಸ್ಟ್‌ನಿಂದ (ಗ್ಯಾಸ್ ಹೋಗಿ ಬರುವ ಮೂತಿ) ಒಂದು ಪೈಪು ತೆಗೆದು ಎರಡನೇ ಕೆಗ್‌ನ ಲಿಕ್ವಿಡ್ ಪೋಸ್ಟ್‌ಗೆ (ಬಿಯರ್ ಹೋಗಿ ಬರುವ ಮೂತಿ) ಕೊಡಿ. ಎರಡನೆಯದರ ಗ್ಯಾಸ್ ಪೋಸ್ಟ್‌ಗೆ ಸ್ಪಂಡಿಂಗ್ ವಾಲ್ವ್ ಹಾಕಿ. ಗ್ಯಾಸ್ ಉದ್ದ ಡಿಪ್ ಟ್ಯೂಬಿನಲ್ಲಿ ಎರಡನೇ ಕೆಗ್‌ನ ತಳಕ್ಕೆ ಹೋಗಿ, ಅಲ್ಲಿದ್ದ ಗಾಳಿಯನ್ನು ಮೇಲಿನಿಂದ ಹೊರಗೆ ತಳ್ಳುತ್ತದೆ. 19 ಲೀಟರಿನ ಪಾತ್ರೆಯಲ್ಲಿ 300 ಲೀಟರ್ ಹಾದುಹೋದರೆ ಗಾಳಿ ಎಲ್ಲಿ ಉಳಿಯುತ್ತದೆ ಹೇಳಿ. ಹುದುಗು ಮುಗಿಯುವಷ್ಟರಲ್ಲಿ ಎರಡನೇ ಕೆಗ್ ತಯಾರು. ಸಿಲಿಂಡರಿನಿಂದ ಹೆಚ್ಚೇನೂ ಖರ್ಚಿಲ್ಲ.

ಒಂದೇ ಎಚ್ಚರಿಕೆ: ಮೊದಲ ಕೆಗ್ ತುಂಬಾ ತುಂಬಿಸಬೇಡಿ. ನೊರೆ ಏರಿ ಪೈಪಿಗೆ ಬಂದರೆ ಎರಡನೆಯದೂ ಗಲೀಜಾಗುತ್ತದೆ.

ತೋಟದಮನೆ ಸುಂಟಿಕೊಪ್ಪ

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ಎಷ್ಟು ಜಾಗ ಬಿಡಬೇಕು?

ಮೆಲ್ಬರ್ನ್ ಕೊಡವತಿ

ನಾನು 16 ಲೀಟರ್ ಹಾಕುತ್ತೇನೆ. ಒತ್ತಡ ಇದ್ದರೆ ನೊರೆ ಕಡಿಮೆ ಏಳುತ್ತದೆ, ಹಾಗಾಗಿ 17ರ ತನಕ ಹೋಗಬಹುದು. ಗೋಧಿ ಬಿಯರ್ ಆದರೆ 15 ಸಾಕು.

ವೆಲ್ಡಿಂಗ್ ಶೆಡ್ ಕುಶಾಲನಗರ

ಈ ಸ್ಪಂಡಿಂಗ್ ವಾಲ್ವ್ ಅಂದರೆ ಏನು? ನಾನು ಬಿಯರ್ ಮಾಡುವವನಲ್ಲ. ನೆಂಟರೊಬ್ಬರು ಕೆಗ್ ಮುಚ್ಚಳಕ್ಕೆ ಏನೋ ವೆಲ್ಡ್ ಮಾಡಿಕೊಡು ಅಂತ ತಂದಿದ್ದರು, ಅದಕ್ಕೇ ಓದುತ್ತಿದ್ದೇನೆ.

ಮಡಿಕೇರಿ ಮಾಲ್ಟ್

ಒಳಗಿನ ಒತ್ತಡ ನಾವು ಹೇಳಿದ ಮಟ್ಟ ದಾಟಿದರೆ ಹೆಚ್ಚಾದದ್ದನ್ನು ಮಾತ್ರ ಹೊರಗೆ ಬಿಡುವ ವಾಲ್ವ್. ಕುಕ್ಕರಿನ ವೆಯ್ಟ್ ಇದ್ದ ಹಾಗೆ, ಆದರೆ ಇದರಲ್ಲಿ ತಿರುಪು ತಿರುಗಿಸಿ ಎಷ್ಟಕ್ಕೆ ಬಿಡಬೇಕು ಅಂತ ನಾವೇ ಇಡಬಹುದು. ಜೊತೆಗೆ ಗೇಜ್ ಇರುತ್ತದೆ.

ದಯವಿಟ್ಟು ಮುಚ್ಚಳಕ್ಕೆ ವೆಲ್ಡಿಂಗ್ ಮಾಡಬೇಡಿ ಸರ್. ಅದು ಒತ್ತಡ ತಡೆಯುವ ಪಾತ್ರೆ. ಕಾರ್ನಿ ಕೆಗ್‌ನ ಮೇಲೆ 130 ಪಿಎಸ್‌ಐ ಅಂತ ಅಚ್ಚು ಹಾಕಿರುತ್ತಾರೆ. ಬಿಸಿ ಮಾಡಿ ಏನಾದರೂ ಅಂಟಿಸಿದರೆ ಆ ಮಾತಿಗೆ ಬೆಲೆ ಉಳಿಯುವುದಿಲ್ಲ. ರಿಲೀಫ್ ವಾಲ್ವ್ ಸೋರುತ್ತದೆ ಅಂತ ಅದನ್ನು ಬಂದ್ ಮಾಡಿಸುವವರೂ ಇದ್ದಾರೆ. ಹೊಸದು ಸಿಗುತ್ತದೆ, ತಿರುಗಿಸಿ ಹಾಕಿಕೊಂಡರೆ ಮುಗಿಯಿತು.

ವೆಲ್ಡಿಂಗ್ ಶೆಡ್ ಕುಶಾಲನಗರ

ಸರಿ, ವಾಪಸ್ ಕೊಡುತ್ತೇನೆ. ಅವರು ನನ್ನ ವೆಲ್ಡಿಂಗ್ ರೆಗ್ಯುಲೇಟರನ್ನೇ ಬಿಯರ್‌ಗೂ ಹಾಕಬಹುದಾ ಅಂತ ಕೇಳುತ್ತಿದ್ದರು.

ಮಡಿಕೇರಿ ಮಾಲ್ಟ್

ಬೇಡ. ವೆಲ್ಡಿಂಗ್‌ನಲ್ಲಿ ಹೆಚ್ಚಾಗಿ ನಿಮಿಷಕ್ಕೆ ಎಷ್ಟು ಲೀಟರ್ ಹರಿಯಬೇಕು ಅಂತ ಇಡುತ್ತೀರಿ, ಅಲ್ವಾ? ಕೆಗ್‌ಗೆ ಬೇಕಾದದ್ದು ಒತ್ತಡ ಇಷ್ಟರಲ್ಲೇ ನಿಲ್ಲಬೇಕು ಅನ್ನುವುದು. ಸಿಓ2 ಸಿಲಿಂಡರಿನೊಳಗೆ 20 ಡಿಗ್ರಿಯಲ್ಲಿ 800 ಪಿಎಸ್‌ಐಗಿಂತ ಜಾಸ್ತಿ ಇರುತ್ತದೆ. ಅದನ್ನು 2-3 ಪಿಎಸ್‌ಐಗೆ ಇಳಿಸಿ ಅಲ್ಲೇ ಹಿಡಿದಿಡುವ ರೆಗ್ಯುಲೇಟರ್ ಬೇಕು.

ಗೋಣಿಕೊಪ್ಪ ಸಂತೆ

ಸಿಲಿಂಡರ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅಗ್ನಿಶಾಮಕ ಸಿಲಿಂಡರ್ ತುಂಬಿಸುವ ಅಂಗಡಿಯೊಂದರಲ್ಲಿ ತುಂಬಿಸಿದ್ದೆ. ಗ್ಯಾಸ್‌ಗೆ ಎಣ್ಣೆ ವಾಸನೆ ಇತ್ತು, ಇಡೀ ಕೆಗ್ ಹಾಳಾಯಿತು. ಈಗ ಸೋಡಾ ಮಾಡುವವರು ತರಿಸುವ ಕಡೆಯಿಂದಲೇ ತರಿಸುತ್ತೇನೆ. ತುಂಬಿಸುವ ಮೊದಲು ಆಹಾರಕ್ಕೆ ಬಳಸುವ ಗ್ಯಾಸಾ ಅಂತ ಕೇಳಿ. ಸಿಲಿಂಡರ್ ಮೇಲೆ ಪರೀಕ್ಷೆಯ ವರ್ಷ ಕೊರೆದಿರುತ್ತಾರೆ, ಅದನ್ನೂ ನೋಡಿ.

ನಾಪೋಕ್ಲು ಮಳೆ

ಮನೆಯ ಒಳಗೆ ಸಿಲಿಂಡರ್ ಇಡುವವರು ಇದನ್ನು ಓದಲೇಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕಿಟಕಿ ಬಾಗಿಲು ಎಲ್ಲ ಮುಚ್ಚಿರುತ್ತೇವೆ. ಕೆಗ್ ಇಡುವುದು ಹೆಚ್ಚಾಗಿ ಹಿಂದಿನ ಸ್ಟೋರ್ ರೂಮ್ ಅಥವಾ ಕಾಫಿ ಗೋದಾಮಿನ ಮೂಲೆಯಲ್ಲಿ. 5 ಕಿಲೋ ಸಿಲಿಂಡರ್ ರಾತ್ರಿ ಸೋರಿ ಖಾಲಿಯಾದರೆ 2,700 ಲೀಟರ್‌ನಷ್ಟು ಗ್ಯಾಸ್. ಹತ್ತಡಿ ಚೌಕದ ಕೋಣೆಯ ಗಾಳಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಅದೇ ಆಗುತ್ತದೆ. ಅಷ್ಟು ಸಿಓ2 ಇದ್ದರೆ ಮನುಷ್ಯ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತಾನೆ. ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ. ಕೆಲಸ ಇಲ್ಲದಾಗ ಸಿಲಿಂಡರಿನ ಮೇನ್ ವಾಲ್ವ್ ಬಂದ್ ಮಾಡಿ. ಮಕ್ಕಳು ಮಲಗುವ ಕೋಣೆಯಲ್ಲಿ ಯಾವ ಕಾರಣಕ್ಕೂ ಇಡಬೇಡಿ.

ಗಾಜಿನ ಜಾಡಿಗೆ ಒತ್ತಡ ಕೊಡುವುದೂ ಬೇಡ. "ಎರಡೇ ಪಿಎಸ್‌ಐ" ಅಂತ ಹೇಳಿ ಗ್ಯಾಸ್ ಬಿಟ್ಟು ಬಿಯರ್ ತಳ್ಳುವವರಿದ್ದಾರೆ. ಗಾಜು ಒಡೆದರೆ ಮುಖಕ್ಕೇ ಬರುತ್ತದೆ.

ಸೋಮವಾರಪೇಟೆ ಗಾಳಿ

ಒತ್ತಡದಲ್ಲಿ ಹುದುಗಿಸುವುದರಿಂದ ಇನ್ನೊಂದು ಲಾಭ ಇದೆ. ಕರೆಂಟ್ ಇಲ್ಲದವರಿಗೆ ಇದೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಬೆಚ್ಚಗೆ ಹುದುಗಿದರೆ ಯೀಸ್ಟ್ ಜಾಸ್ತಿ ಎಸ್ಟರ್ ಕೊಡುತ್ತದೆ. ಬಾಳೆಹಣ್ಣಿನ ವಾಸನೆ, ಒಮ್ಮೊಮ್ಮೆ ನೇಲ್ ಪಾಲಿಶ್ ವಾಸನೆ ಬರುವುದು ಅದರಿಂದಲೇ. 10ರಿಂದ 15 ಪಿಎಸ್‌ಐ ಒತ್ತಡ ಇದ್ದರೆ ಅದು ತಗ್ಗುತ್ತದೆ. ಹಾಗಾಗಿ ಲಾಗರ್ ಯೀಸ್ಟನ್ನು 10-12 ಡಿಗ್ರಿಯಲ್ಲಿ ಇಡದೆ 18-20ರಲ್ಲೇ ಹುದುಗಿಸಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಮನೆಯೊಳಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಫ್ರಿಜ್ ಬೇಡವೇ ಬೇಡ. ನಾನು ಸಾಫ್‌ಲಾಗರ್ ಡಬ್ಲ್ಯು-34/70 ಬಳಸುತ್ತೇನೆ.

ಬ್ರೂಪಬ್‌ನಲ್ಲಿ ಕೆಲಸ

ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸ ಮಾಡುತ್ತೇನೆ, ಊರು ಶನಿವಾರಸಂತೆ. ಮೇಲಿನ ಮಾತಿಗೆ ಸ್ವಲ್ಪ ತಿದ್ದುಪಡಿ. 15 ಪಿಎಸ್‌ಐ ಒಳ್ಳೆಯದು ಅಂತ 25ಕ್ಕೆ ಹೋಗಬೇಡಿ. ಹುದುಗು ಜೋರಾಗಿರುವಾಗ ಜಾಸ್ತಿ ಒತ್ತಡ ಇದ್ದರೆ ಯೀಸ್ಟ್ ಬಳಲುತ್ತದೆ, ಕೊನೆ ಮುಟ್ಟದೆ ನಿಂತುಬಿಡುವುದೂ ಉಂಟು. ಲಾಗರ್ ಯೀಸ್ಟ್ ಗಂಧಕದ ವಾಸನೆ ಕೊಡುತ್ತದೆ, ಕೊಳೆತ ಮೊಟ್ಟೆಯ ಹಾಗೆ. ಬಕೆಟ್‌ನಲ್ಲಾದರೆ ಅದು ಹಾರಿಹೋಗುತ್ತದೆ, ಮುಚ್ಚಿದ ಕೆಗ್‌ನಲ್ಲಿ ಉಳಿಯುತ್ತದೆ. ಆಗಾಗ ಸ್ವಲ್ಪ ಗ್ಯಾಸ್ ಬಿಡಬೇಕು.

ಎಲ್ಲ ಬಿಯರ್‌ಗೂ ಒತ್ತಡ ಒಳ್ಳೆಯದಲ್ಲ. ಜರ್ಮನ್ ಗೋಧಿ ಬಿಯರ್‌ಗೆ ಬಾಳೆಹಣ್ಣು, ಲವಂಗದ ಪರಿಮಳವೇ ಜೀವ. ಒತ್ತಡ ಹಾಕಿದರೆ ಅದು ಸಪ್ಪೆ. ಅಂಥದ್ದನ್ನು ಕೆಗ್‌ನಲ್ಲೇ ಮಾಡಿ, ಆದರೆ ಗ್ಯಾಸ್ ಪೋಸ್ಟ್‌ನಿಂದ ಪೈಪು ನೀರಿಗೆ ಬಿಟ್ಟು ಒತ್ತಡ ಇಲ್ಲದೆ ಹುದುಗಿಸಿ, ಕೊನೆಯಲ್ಲಿ ಮಾತ್ರ ವಾಲ್ವ್ ಹಾಕಿ.

ತೋಟದಮನೆ ಸುಂಟಿಕೊಪ್ಪ

ಕೊನೆಯಲ್ಲಿ ವಾಲ್ವ್ ಹಾಕಿದರೆ ಗ್ಯಾಸ್ ಬಿಯರ್‌ನಲ್ಲೇ ಸೇರಿಕೊಳ್ಳುತ್ತದೆ ಅಂತ ಕೇಳಿದ್ದೇನೆ. ಸಿಲಿಂಡರಿನಿಂದ ಕೊಡಲೇ ಬೇಡವಾ?

ಬ್ರೂಪಬ್‌ನಲ್ಲಿ ಕೆಲಸ

ಬೇಡ. ಗ್ರಾವಿಟಿ ಒಂದು ಪಾಯಿಂಟ್ ಇಳಿದರೆ, ಅಂದರೆ 1.014 ಇದ್ದದ್ದು 1.013 ಆದರೆ, ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್ ಬರುತ್ತದೆ (ಒಂದು ವಾಲ್ಯೂಮ್ ಅಂದರೆ ಬಿಯರ್‌ನಷ್ಟೇ ಗಾತ್ರದ ಗ್ಯಾಸ್). ಪೇಲ್ ಏಲ್‌ಗೆ ಬೇಕಾದದ್ದು 2.5 ವಾಲ್ಯೂಮ್. ಒತ್ತಡ ಇಲ್ಲದೆ ಹುದುಗಿಸುತ್ತಿದ್ದರೆ ಕೊನೆಯ 4 ಪಾಯಿಂಟ್ ಉಳಿದಾಗ ಮುಚ್ಚಿ. ಮೊದಲೇ 12 ಪಿಎಸ್‌ಐ ಇದ್ದರೆ 2-3 ಪಾಯಿಂಟ್ ಸಾಕು. ವಾಲ್ವನ್ನು 28-30 ಪಿಎಸ್‌ಐಗೆ ಏರಿಸಿ, ಯಾಕೆಂದರೆ 20 ಡಿಗ್ರಿಯಲ್ಲಿ ಅಷ್ಟು ಗ್ಯಾಸ್ ಹಿಡಿಯಲು ಅಷ್ಟು ಒತ್ತಡ ಬೇಕು. ಆ ಹೊತ್ತಿಗೆ ಹುದುಗು ಹೆಚ್ಚುಕಡಿಮೆ ಮುಗಿದಿರುತ್ತದೆ, ಯೀಸ್ಟ್‌ಗೆ ತೊಂದರೆ ಇಲ್ಲ. ಪ್ಲಾಸ್ಟಿಕ್ ಒತ್ತಡ ಪಾತ್ರೆ ಬಳಸುವವರು ಮಾತ್ರ ಅದರ ಮಿತಿ ನೋಡಿಕೊಳ್ಳಿ, ಹೆಚ್ಚಿನವಕ್ಕೆ 35 ಪಿಎಸ್‌ಐ ಕಡೆಯ ಗೆರೆ.

ಗ್ರಾವಿಟಿ ನೋಡಲು ತೆಗೆದ ಬಿಯರನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಹೊಯ್ದು ಹೊಯ್ದು ಗ್ಯಾಸ್ ಬಿಡಿಸಿ. ಇಲ್ಲದಿದ್ದರೆ ಗುಳ್ಳೆಗಳು ಹೈಡ್ರೋಮೀಟರನ್ನು ಮೇಲಕ್ಕೆ ಎತ್ತಿ ಅಳತೆ ಜಾಸ್ತಿ ತೋರಿಸುತ್ತವೆ.

ಮಡಿಕೇರಿ ಮಾಲ್ಟ್

ಇದಕ್ಕೆ ಕೊಡಗಿನ ಲೆಕ್ಕ ಸೇರಿಸುತ್ತೇನೆ. ಯಾವ ಉಷ್ಣತೆಗೆ ಎಷ್ಟು ಒತ್ತಡ ಇಡಬೇಕು ಅಂತ ಹೇಳುವ ಪುಸ್ತಕದ, ಆ್ಯಪಿನ ಕಾರ್ಬೊನೇಶನ್ ಪಟ್ಟಿಗಳು ಸಮುದ್ರ ಮಟ್ಟಕ್ಕೆ ಮಾಡಿದವು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 2 ಪಿಎಸ್‌ಐ ಕಡಿಮೆ. ಗೇಜ್ ತೋರಿಸುವುದು ಹೊರಗಿನದಕ್ಕಿಂತ ಒಳಗೆ ಎಷ್ಟು ಜಾಸ್ತಿ ಅಂತ ಮಾತ್ರ. ಹಾಗಾಗಿ ಪಟ್ಟಿಯಲ್ಲಿ 4 ಡಿಗ್ರಿಗೆ 12 ಅಂತ ಇದ್ದರೆ ನಾವು 14 ಇಡಬೇಕು. ಕುಶಾಲನಗರ ತಗ್ಗಿನಲ್ಲಿದೆ, ಅಲ್ಲಿ ಒಂದೂವರೆ ಸೇರಿಸಿದರೆ ಸಾಕು. "ಪಟ್ಟಿ ಪ್ರಕಾರವೇ ಇಟ್ಟೆ, ಬಿಯರ್ ಚಪ್ಪೆ" ಅಂತ ಇಲ್ಲಿ ಹೇಳುವವರಿಗೆಲ್ಲ ಇದೇ ಕಾರಣ ಇರಬಹುದು.

ನೀರು ಕುದಿಯುವುದೂ ಇಲ್ಲಿ 96 ಡಿಗ್ರಿಗೇ. ಹಾಪ್ಸ್‌ನ ಕಹಿ ಸ್ವಲ್ಪ ಕಡಿಮೆ ಇಳಿಯುತ್ತದೆ. ಕಹಿಗೆ ಹಾಕುವ ಹಾಪ್ಸನ್ನು ಒಂಚೂರು ಜಾಸ್ತಿ ಮಾಡಿ.

ಏಲಕ್ಕಿ ಮಲೆ

ಅಬ್ಬಾ, ಇದು ಗೊತ್ತೇ ಇರಲಿಲ್ಲ. ಹೌದು, ಅನ್ನ ಬೇಯುವುದೂ ನಮ್ಮಲ್ಲಿ ನಿಧಾನವೇ.

ಭರಣಿ ವೈನ್

ಒಪ್ಪಿದೆ, ಹಾಪ್ಸ್ ಬಿಯರ್ ಬೇರೆ. ಆದರೆ ನನ್ನ ಮಾತು ಇದು: ಬಾಟಲಿಯಲ್ಲಿ ಸ್ವಲ್ಪ ಸಕ್ಕರೆ ಹಾಕಿ ಮುಚ್ಚಿದರೂ ಯೀಸ್ಟ್ ಒಳಗಿನ ಆಮ್ಲಜನಕವನ್ನು ತಿನ್ನುತ್ತದಲ್ವಾ? ಅದು ಕಡಿಮೆ ಖರ್ಚಿನ ದಾರಿ.

ಬ್ರೂಪಬ್‌ನಲ್ಲಿ ಕೆಲಸ

ತಿನ್ನುತ್ತದೆ, ಪೂರ್ತಿ ಅಲ್ಲ. ಸ್ಟೌಟ್, ಬೆಲ್ಜಿಯನ್ ಏಲ್‌ಗೆ ಬಾಟಲಿ ತುಂಬಾ ಒಳ್ಳೆಯದು, ನಾನೂ ಅದನ್ನೇ ಹೇಳುತ್ತೇನೆ. ಹಾಪ್ಸ್ ತುಂಬಿದ ಮಬ್ಬು ಐಪಿಎಗೆ ಬಾಟಲಿ ಕೈಕೊಡುತ್ತದೆ. ಯೀಸ್ಟ್ ತಿನ್ನುವ ಮೊದಲೇ ಹಾನಿ ಶುರುವಾಗಿರುತ್ತದೆ.

ತೋಟದಮನೆ ಸುಂಟಿಕೊಪ್ಪ

ಸಾಗಿಸುವ ಹಂತವನ್ನು ಯಾರಾದರೂ ಬಿಡಿಸಿ ಹೇಳಿ. ಎರಡೂ ಕೆಗ್‌ನಲ್ಲಿ ಒತ್ತಡ ಇದ್ದರೆ ಬಿಯರ್ ಯಾವ ಕಡೆಗೆ ಹೋಗಬೇಕು ಅಂತ ಹೇಗೆ ತಿಳಿಯುತ್ತದೆ?

ಮೆಲ್ಬರ್ನ್ ಕೊಡವತಿ

ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಅಷ್ಟೇ. ಗುಟ್ಟು ಇರುವುದು ವ್ಯತ್ಯಾಸ ಸಣ್ಣದಾಗಿಡುವುದರಲ್ಲಿ.

ಮೊದಲು ಬಿಯರನ್ನು ತಣ್ಣಗೆ ಮಾಡಿ. ತಣ್ಣಗಿನ ಬಿಯರ್ ಗ್ಯಾಸ್ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ತಣ್ಣಗಾದ ಮೇಲೆ ಮೊದಲ ಕೆಗ್‌ನಲ್ಲಿ 12 ಪಿಎಸ್‌ಐ ಇದೆ ಅಂತ ಇಟ್ಟುಕೊಳ್ಳಿ. ಎರಡನೆಯದರಲ್ಲೂ ಅಷ್ಟೇ ಇರಲಿ. ಈಗ ಲಿಕ್ವಿಡ್ ಪೋಸ್ಟ್‌ನಿಂದ ಲಿಕ್ವಿಡ್ ಪೋಸ್ಟ್‌ಗೆ ಒಂದು ಪೈಪು ಹಾಕಿ. ಎರಡೂ ಕಡೆ ಸಮ, ಹಾಗಾಗಿ ಏನೂ ಹರಿಯುವುದಿಲ್ಲ. ಎರಡನೇ ಕೆಗ್‌ನ ಗ್ಯಾಸ್ ಪೋಸ್ಟ್‌ಗೆ ಸ್ಪಂಡಿಂಗ್ ವಾಲ್ವ್ ಹಾಕಿ ನಿಧಾನವಾಗಿ ಸಡಿಲ ಮಾಡಿ. ಅಲ್ಲಿ 10-11 ಆಯಿತು ಅನ್ನುವಾಗ ಬಿಯರ್ ಮೆಲ್ಲಗೆ ಹೊರಡುತ್ತದೆ. ಮೊದಲ ಕೆಗ್‌ಗೆ ಸಿಲಿಂಡರಿನಿಂದ 12-13 ಕೊಡುತ್ತಿರಿ. ಬಿಯರ್ ಎರಡನೆಯದರ ತಳದಿಂದ ತುಂಬುತ್ತಾ ಬರುತ್ತದೆ, ನೊರೆ ಏಳುವುದಿಲ್ಲ.

ಅವಸರ ಮಾಡಿ ವಾಲ್ವ್ ಪೂರ್ತಿ ತೆರೆದರೆ ಎರಡನೇ ಕೆಗ್ ನೊರೆಯಲ್ಲೇ ತುಂಬುತ್ತದೆ. ನನಗೆ ಅರ್ಧ ಗಂಟೆ ಹಿಡಿಯುತ್ತದೆ, ಅದಕ್ಕಿಂತ ಬೇಗ ಆಗಬೇಕು ಅಂತ ನನಗೆ ಅನಿಸುವುದಿಲ್ಲ.

ಸಿಲಿಂಡರ್ ಗ್ಯಾಸ್ ಉಳಿಸಬೇಕು ಅಂದರೆ ಇನ್ನೊಂದು ದಾರಿ: ಮೊದಲ ಕೆಗ್ಗನ್ನು ಮೇಜಿನ ಮೇಲಿಟ್ಟು, ಎರಡನೆಯದನ್ನು ನೆಲದಲ್ಲಿಟ್ಟು, ಗ್ಯಾಸ್ ಪೋಸ್ಟ್‌ನಿಂದ ಗ್ಯಾಸ್ ಪೋಸ್ಟ್‌ಗೂ ಪೈಪು ಹಾಕಿ. ಸ್ಪಂಡಿಂಗ್ ವಾಲ್ವ್ ಆಗ ಬೇಡ. ಹರಿವು ಶುರುವಾಗಲು ಮೊದಲ ಕೆಗ್‌ಗೆ ಒಂಚೂರು ಗ್ಯಾಸ್ ತಳ್ಳಿ. ಆಮೇಲೆ ಬಿಯರ್ ಕೆಳಗೆ ಇಳಿಯುತ್ತದೆ, ಅಲ್ಲಿದ್ದ ಸಿಓ2 ಮೇಲಿನ ಕೆಗ್‌ಗೆ ಬರುತ್ತದೆ.

ಗೋಣಿಕೊಪ್ಪ ಸಂತೆ

ತುಂಬಿತು ಅಂತ ಹೇಗೆ ಗೊತ್ತಾಗುತ್ತದೆ? ಸ್ಟೀಲ್ ಪಾತ್ರೆ, ಒಳಗೆ ಕಾಣುವುದಿಲ್ಲವಲ್ಲ.

ಸೋಮವಾರಪೇಟೆ ಗಾಳಿ

ನಮ್ಮ ಹವೆಯಲ್ಲಿ ಅದು ಸುಲಭ. ತಣ್ಣಗಿನ ಬಿಯರ್ ಎಲ್ಲಿಯ ತನಕ ಬಂದಿದೆಯೋ ಅಲ್ಲಿಯ ತನಕ ಕೆಗ್ ಹೊರಗೆ ಬೆವರುತ್ತದೆ, ಗೆರೆ ಎಳೆದ ಹಾಗೆ ಕಾಣುತ್ತದೆ. ಕಾಫಿ ತೂಗುವ ತಕ್ಕಡಿ ಇದ್ದರೆ ಅದರ ಮೇಲಿಟ್ಟು ಸಾಗಿಸಿ, ಅದು ಇನ್ನೂ ನಂಬಿಕೆಯದು.

ನಾಪೋಕ್ಲು ಮಳೆ

ಡ್ರೈ ಹಾಪ್ಸ್ (ಕುದಿಸದೆ ನೇರ ಬಿಯರ್‌ಗೆ ಹಾಕುವ ಹಾಪ್ಸ್) ಹಾಕುವವರಿಗೆ: ಹಾಪ್ಸ್ ಚೂರು ಪೋಸ್ಟ್‌ನ ಪಾಪೆಟ್‌ನಲ್ಲಿ (ಒಳಗಿನ ಸಣ್ಣ ಸ್ಪ್ರಿಂಗ್ ವಾಲ್ವ್) ಸಿಕ್ಕಿ ಹರಿವು ನಿಲ್ಲುತ್ತದೆ. ಒತ್ತಡ ಏರಿಸಿ ತಳ್ಳಲು ಹೋಗಬೇಡಿ. ತೇಲುವ ಡಿಪ್ ಟ್ಯೂಬ್ ಹಾಕಿಸಿ, ತುದಿಗೆ ಸ್ಟೀಲ್ ಜಾಲರಿ ಇರಲಿ. ಅದು ಮೇಲಿನ ತಿಳಿಯನ್ನೇ ಎಳೆಯುತ್ತದೆ, ತಳದ ಗಸಿ ಅಲ್ಲೇ ಉಳಿಯುತ್ತದೆ. ಅದು ಸಿಗದಿದ್ದರೆ ಮಾಮೂಲಿ ಡಿಪ್ ಟ್ಯೂಬನ್ನೇ ತಳದಿಂದ ಎರಡು ಸೆಂಟಿಮೀಟರ್ ಕತ್ತರಿಸಬಹುದು. ಆ ಕೆಗ್ ಮಾತ್ರ ಹುದುಗಿಸಲು ಅಂತ ಗುರುತು ಹಾಕಿಡಿ.

ಸಿದ್ದಾಪುರ ಹೋಂಸ್ಟೇ

ಇದೆಲ್ಲ ಓದಿ ಆಸೆ ಆಯಿತು. ನಮ್ಮ ಹೋಂಸ್ಟೇಗೆ ಬರುವವರಿಗೆ ಪಂದಿ ಕರಿ, ಕಡಂಬುಟ್ಟು ಜೊತೆ ಒಂದು ಲೋಟ ಮನೆ ಬಿಯರ್ ಕೊಟ್ಟರೆ ಎಷ್ಟು ಚೆನ್ನ. ಕೊಡಗಿನ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿ ಗೋಧಿ ಬಿಯರ್ ಮಾಡಬಹುದಲ್ವಾ?

ಅಬಕಾರಿ ನೆನಪಿರಲಿ

ಅತಿಥಿಗಳಿಗೆ ಖಂಡಿತ ಬೇಡ ಮೇಡಂ. ದುಡ್ಡು ತೆಗೆದುಕೊಳ್ಳದಿದ್ದರೂ ಬೇಡ. ನಿಮ್ಮ ಹೋಂಸ್ಟೇಗೇ ತೊಂದರೆ ಬರುತ್ತದೆ.

ಏಲಕ್ಕಿ ಮಲೆ

ಇದರಲ್ಲಿ ನಾನೂ ಅವರ ಜೊತೆಗೇ. ಮನೆಯ ಒಳಗಿನ ವಿಷಯ ಬೇರೆ, ಹೊರಗಿನವರಿಗೆ ಕೊಡುವುದು ಬೇರೆ.

ಮೆಲ್ಬರ್ನ್ ಕೊಡವತಿ

ಅದೇ ಕೆಗ್‌ನಲ್ಲಿ ಆಲ್ಕೋಹಾಲ್ ಇಲ್ಲದ ಸೋಡಾ ಮಾಡಿ ಕೊಡಿ. ಶುಂಠಿ, ಕಾಚಂಪುಳಿ (ಕೊಡಗಿನ ಹಣ್ಣಿನ ಹುಳಿ) ಒಂದು ಚಮಚ, ತೋಟದ ಜೇನು, ನೀರು, ಸಿಲಿಂಡರ್ ಗ್ಯಾಸ್. ಯೀಸ್ಟ್ ಬೇಡ. ಕೋಲ್ಡ್ ಬ್ರೂ ಕಾಫಿಯನ್ನೂ ಕೆಗ್‌ನಿಂದ ಕೊಡುತ್ತಾರೆ. ಕೊಡಗಿನ ಅರೇಬಿಕಾಕ್ಕೆ ಭೌಗೋಳಿಕ ಗುರುತು ಸಿಕ್ಕಿದ್ದು 2019ರಲ್ಲಿ, ಅದನ್ನೂ ಅತಿಥಿಗಳಿಗೆ ಹೇಳಿ.

ಬ್ರೂಪಬ್‌ನಲ್ಲಿ ಕೆಲಸ

ಸೋಡಾ ಕೆಗ್ಗನ್ನು ತಣ್ಣಗೇ ಇಡಿ, ಬೇಗ ಖಾಲಿ ಮಾಡಿ. ಜೇನು ನೀರಿಗೆ ಬಿದ್ದ ಮೇಲೆ ಹೊರಗಿಟ್ಟರೆ ಅದು ತಾನಾಗಿ ಹುದುಗಲು ಶುರು ಮಾಡುತ್ತದೆ. ಬಿಯರ್ ಮಾಡಿದ ಕೆಗ್ ಆದರೆ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಎಲ್ಲ ಬದಲಿಸಿ, ಹಳೆಯ ಯೀಸ್ಟ್, ವಾಸನೆ ಎರಡೂ ಅದರಲ್ಲಿ ಉಳಿದಿರುತ್ತವೆ.

ಸಿದ್ದಾಪುರ ಹೋಂಸ್ಟೇ

ಕಾಚಂಪುಳಿ ಸೋಡಾ! ಇದನ್ನು ಖಂಡಿತ ಮಾಡುತ್ತೇನೆ. ಥ್ಯಾಂಕ್ಸ್ ಅಕ್ಕ.

ತೋಟದಮನೆ ಸುಂಟಿಕೊಪ್ಪ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಹೇಳಿದ ಹಾಗೇ ಮಾಡಿದೆ. 16 ಲೀಟರ್, 12 ಪಿಎಸ್‌ಐ, ಹುದುಗಿನ ಗ್ಯಾಸ್‌ನಿಂದಲೇ ಎರಡನೇ ಕೆಗ್ ತೊಳೆದದ್ದು, ತೇಲುವ ಡಿಪ್ ಟ್ಯೂಬ್. ಸಾಗಿಸುವ ದಿನ ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಆದರೂ ಏನೂ ತೊಂದರೆ ಆಗಲಿಲ್ಲ. ಒಂದು ತಿಂಗಳು ದಾಟಿದೆ. ಬಣ್ಣ ಹಾಗೇ ಹೊಂಬಣ್ಣ, ಹಾಪ್ಸ್ ಪರಿಮಳ ಲೋಟ ಮೂಗಿನ ಹತ್ತಿರ ತರುವ ಮೊದಲೇ ಬರುತ್ತದೆ. ಇಷ್ಟು ವ್ಯತ್ಯಾಸ ಇರುತ್ತದೆ ಅಂತ ನಾನು ಎಣಿಸಿರಲಿಲ್ಲ. ಕಾನೂನಿನ ವಿಷಯ ವಕೀಲರೊಬ್ಬರ ಹತ್ತಿರ ಕೇಳುತ್ತಿದ್ದೇನೆ, ಅವರು ಹೇಳುವ ತನಕ ಮುಂದಿನದಕ್ಕೆ ಕೈ ಹಾಕುವುದಿಲ್ಲ.

ಒಂದು ಸಣ್ಣ ತೊಂದರೆ: ಶುರುವಿನಲ್ಲಿ ಮುಚ್ಚಳದ ಅಂಚಿನಿಂದ ಗ್ಯಾಸ್ ಸೋರುತ್ತಿತ್ತು. ಸೋಪಿನ ನೀರು ಹಾಕಿದರೆ ಗುಳ್ಳೆ ಬರುತ್ತಿತ್ತು.

ಮಡಿಕೇರಿ ಮಾಲ್ಟ್

ತುಂಬಾ ಖುಷಿಯಾಯಿತು. ಹಳೆಯ ಕೆಗ್ ಮುಚ್ಚಳಗಳು ಒಳಗಿನಿಂದ ಒತ್ತಡ ಬಂದರೆ ಮಾತ್ರ ಸರಿಯಾಗಿ ಕೂರುತ್ತವೆ. ಯೀಸ್ಟ್ ಹಾಕಿ ಮುಚ್ಚಿದ ಕೂಡಲೇ ಸಿಲಿಂಡರಿನಿಂದ ಒಮ್ಮೆ 20-25 ಪಿಎಸ್‌ಐ ಕೊಟ್ಟು ಕೂರಿಸಿ, ಆಮೇಲೆ ವಾಲ್ವ್ ಎಷ್ಟಕ್ಕೆ ಇದೆಯೋ ಅಷ್ಟಕ್ಕೆ ಇಳಿಸಿ. ಓ-ರಿಂಗ್‌ಗೆ ಆಹಾರಕ್ಕೆ ಬಳಸುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ.

ವೆಲ್ಡಿಂಗ್ ಶೆಡ್ ಕುಶಾಲನಗರ

ವ್ಯಾಸಲಿನ್ ಆಗುವುದಿಲ್ಲವಾ?

ಮಡಿಕೇರಿ ಮಾಲ್ಟ್

ಬೇಡ ಸರ್. ಕೆಲವು ಜಾತಿಯ ರಬ್ಬರ್ ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ, ಬಿಯರ್ ನೊರೆಯೂ ನಿಲ್ಲುವುದಿಲ್ಲ.

ಗೋಣಿಕೊಪ್ಪ ಸಂತೆ

ನನ್ನ ಕೆಗ್‌ಗೆ ಈ ಡಿಸ್‌ಕನೆಕ್ಟ್ (ಪೋಸ್ಟ್‌ಗೆ ಸಿಕ್ಕಿಸುವ ಪೈಪಿನ ತುದಿ) ಕೂರುವುದೇ ಇಲ್ಲ. ಪೋಸ್ಟ್ ಸುತ್ತ ಸಣ್ಣ ಮೊಳೆಗಳ ಹಾಗೆ ಇದೆ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಮೂರು.

ಬ್ರೂಪಬ್‌ನಲ್ಲಿ ಕೆಲಸ

ಅದು ಪಿನ್ ಲಾಕ್. ಕೋಕ್‌ನವರು ಬಳಸುತ್ತಿದ್ದ ನಮೂನೆ. ಪೆಪ್ಸಿಯದ್ದು ಬಾಲ್ ಲಾಕ್, ಇಲ್ಲಿ ಹೆಚ್ಚಿನವರು ಹೇಳುತ್ತಿರುವುದು ಅದೇ. ಎರಡು ಮೊಳೆ ಇರುವುದು ಗ್ಯಾಸ್, ಮೂರು ಇರುವುದು ಲಿಕ್ವಿಡ್. ಬಾಲ್ ಲಾಕ್ ಡಿಸ್‌ಕನೆಕ್ಟ್ ಒತ್ತಿ ಕೂರಿಸಲು ಹೋಗಬೇಡಿ, ಪಿನ್ ಲಾಕ್‌ನದ್ದೇ ತರಿಸಿ.

ಗೋಣಿಕೊಪ್ಪ ಸಂತೆ

ಸರಿ, ತರಿಸುತ್ತೇನೆ. ಮಡಿಕೇರಿ ಮಾಲ್ಟ್ ಅವರೇ, ಓ-ರಿಂಗ್ ಸೆಟ್ ಒಟ್ಟಿಗೆ ತರಿಸುವುದಾದರೆ ನನಗೂ ಎರಡು ಸೇರಿಸಿ. ಪುತ್ತರಿಗೆ ಮೊದಲು ಬಂದರೆ ಸಾಕು.